ಬ್ರಿಂಗ್, ಟೇಕ್ ಮತ್ತು ಅತ್ತೆಮನೆಯ ಹೋಳಿಗೆ

ಇಂಗ್ಲಿಷಿನಲ್ಲಿ ನನ್ನನ್ನು ಮೀರಿಸುವವರು ಬೆಳಗಾವಿಯ ಖಾಸಬಾಗದಲ್ಲಿ ಯಾರೂ ಇರಲಿಲ್ಲ. ಇದು ನನ್ನ ಅಭಿಪ್ರಾಯ. ಹೊಸ ಮಾಸ್ತರಿಕೆ, ಹೊಸ ಮದುವೆ, ಮೈಮೇಲೆ ಹೊಸ ಟೆರಿಲಿನ್ ಅಂಗಿ! ಹೋಳಿಗೆಗೆ ಹೊಟ್ಟೆಯಲ್ಲಿ ಜಾಗವಿರಲೆಂದು ಮಧ್ಯಾಹ್ನದ ಊಟ ಬಿಟ್ಟು, ಹೆಂಡತಿ ಸುಮತಿಯೊಡನೆ ಖಾನಾಪುರದ ಮಾವನ ಮನೆಗೆ ಬಸ್ಸು ಹತ್ತಿದೆ.

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಬೆಳಗಾವಿಯಲ್ಲಿ ಕತ್ತಲಾದ ಮೇಲೆ ನಾನು ಚುರುಮುರಿ ತಿನ್ನುವ ಸಂಗತಿ ಸುಮತಿಗೆ ಮಾತ್ರ ಗೊತ್ತು. ಹೆಣ್ಣು ನೋಡಲು ಹೋದಾಗ, "ಹೊತ್ತ ಮುಳುಗಿದ ಮ್ಯಾಲ ನಾ ಹನಿ ನೀರೂ ಮುಟ್ಟೂದಿಲ್ರಿ" ಎಂದು ಅತ್ತೆಯ ಮುಂದೆ ಕೊಚ್ಚಿಕೊಂಡಿದ್ದೆ. ಹೆಣ್ಣು ಕೊಟ್ಟದ್ದೇ ಆ ಮಾತಿಗೆ!

ಸಂಜೆ ಅತ್ತೆ ಹೋಳಿಗೆ, ತುಪ್ಪ ಹಾಕಿದ ತಾಟು ಹಿಡಿದು ಬರುವಾಗಲೇ ಮಾವ ಪ್ರಶ್ನೆ ಎತ್ತಿದರು. ಅವರದು ಅಂದು ಒಪ್ಪತ್ತು. ಊಟದ ಗೊಡವೆ ಇರಲಿಲ್ಲ.

"ಅಳಿಯಾರ, ಈ ಬ್ರಿಂಗ್‌ಗೂ ಟೇಕ್‌ಗೂ ಏನ್ರಿ ಫರಕ?"

ಒಂದೇ ಮಾತಿನಲ್ಲಿ ಹೇಳಿ ತಾಟಿಗೆ ಕೈ ಹಾಕಬಹುದಿತ್ತು. ಆದರೆ ನಾನು ಮಾಸ್ತರ!

"ಮಾಡೇ ತೋರಸ್ತೇನ್ರಿ. ಅತ್ತ್ಯಾರ, ತಾಟ ನನ್ನ ಕಡೆ ತರ್ರಿ. ಇದು ಬ್ರಿಂಗ್! ಈಗ ಒಳಗ ಒಯ್ರಿ. ಇದು ಟೇಕ್!"

ಅತ್ತೆ ತಂದರು, ಒಯ್ದರು. ಮಾವ ತಲೆದೂಗಿದರು. ನನಗೆ ಹುರುಪೇರಿತು. ಬ್ರಾಟ್, ಟುಕ್ ಎಂದು ಭೂತಕಾಲಕ್ಕೆ ಇಳಿದೆ. ತಾಟು ಮತ್ತೆ ಬಂತು, ಮತ್ತೆ ಹೋಯಿತು. ಬಾಗಿಲಲ್ಲಿ ಸುಮತಿ ಕೆಮ್ಮಿ ಕೆಮ್ಮಿ ಕಿಟಕಿಯತ್ತ ಕೈ ಮಾಡುತ್ತಿದ್ದಳು. ನನ್ನ ವಿದ್ವತ್ತು ಕೇಳಲು ಹೊರಗೆ ನೆರೆಯವರು ಕೂಡಿದ್ದಾರೆಂದು ತಿಳಿದು ದನಿ ಏರಿಸಿದೆ. ಭವಿಷ್ಯತ್ಕಾಲವನ್ನೂ ಮುಗಿಸಿ, ಕೈ ತೊಳೆದು ಕುಳಿತೆ.

"ಈಗ ಖರೇನ ಬ್ರಿಂಗ್ ಮಾಡ್ರಿ ಅತ್ತ್ಯಾರ!"

ತಾಟು ಬರಲಿಲ್ಲ. ಅತ್ತೆ ಬರಿಗೈಯಲ್ಲಿ ಬಂದರು.

"ಹೊತ್ತ ಮುಳುಗಿತಲ್ರಿ ಅಳಿಯಾರ! ಹನಿ ನೀರೂ ಮುಟ್ಟೂದಿಲ್ಲ ಅಂದವ್ರು ನೀವು. ನಿಮ್ಮ ನೇಮ ನಾ ಮುರೀಲೇನು?"

ಅಳುವೇ ಬಂತು. ಸುಮತಿ ಕಿವಿಯಲ್ಲಿ ಉಸುರಿದಳು: "ಕಿಟಕ್ಯಾಗ ಸೂರ್ಯಾನ್ನ ತೋರಸಾಕ ಹತ್ತಿದ್ನಲ್ರಿ! ಇಲ್ಲಿ ಚುರುಮುರಿ ಸಿಗೂದಿಲ್ಲ. ಸುಮ್ನ ಮಲಕೋರಿ."

ಮರುದಿನ ಬೆಳಿಗ್ಗೆ ಅತ್ತೆ ಮತ್ತೆ ಹೊಸದಾಗಿ ಹೋಳಿಗೆ ಮಾಡಿದರು. ನಾನು ಮೂರನೆಯದರಲ್ಲಿದ್ದೆ. ಮಾವ ಪಕ್ಕಕ್ಕೆ ಬಂದು ಕುಳಿತರು.

"ಅಳಿಯಾರ, ಸೇ ಅಂತಾರ, ಟೆಲ್ ಅಂತಾರ. ಅದರಾಗ ಏನ್ರಿ ಫರಕ?"

ನಾನು ಎರಡೂ ಕೈಯಿಂದ ತಾಟು ಹಿಡಿದುಕೊಂಡೆ.

"ಏನೂ ಫರಕ ಇಲ್ರಿ ಮಾವಾರ. ಎರಡೂ ಒಂದ!"