ಆವಾಜ್ ಇಲ್ಲದ ಪಿಕ್ಚರ್

ಕಾಲದಲ್ಲಿ ಹಿಂದಕ್ಕೆ ಹೋಗಿ ಬಂದ ಮನುಷ್ಯ ಇಡೀ ಹುಮನಾಬಾದಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ. ನಂಬಿಕೆ ಬಾರದಿದ್ದರೆ ಅವರ ಸೊಂಟವನ್ನು ಕೇಳಿ ನೋಡಿ! ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಬರುವಾಗ ಮಾತ್ರ ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಹಮಾಲರು ಬಂದು ಎಳೆಯಬೇಕಾಯಿತು.

ಮಾಮಾನ ಕಸುಬು ಮದುವೆಗಳ ವಿಡಿಯೋ ತೆಗೆಯುವುದು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಯಾರ ಕೊರಳಿಗೆ ತಾಳಿ ಬಿದ್ದರೂ, ಯಾರ ನಿಕಾಹ್ ಆದರೂ ಕ್ಯಾಮೆರಾ ಅವರದೇ. ಮದುಮಕ್ಕಳು ಗುಲಾಬಿ ಹೂವಿನೊಳಗಿಂದ ಅರಳಿ ಬರುವುದು, ಇಬ್ಬರೂ ಹೃದಯದೊಳಗೆ ಸೇರಿಕೊಂಡು ಗರಗರ ತಿರುಗುವುದು, ಬಿರುಬೇಸಿಗೆಯಲ್ಲಿ ಬೀಗರ ಬೋಳು ತಲೆಯ ಮೇಲೆ ಹಿಮ ಸುರಿಯುವುದು, ಇವೆಲ್ಲ ಅವರ ಕಲೆ. ಚಿತ್ರದ ಸದ್ದನ್ನೆಲ್ಲ ಅಳಿಸಿ ಮೇಲೆ ಹಾಡು ಹಾಕುವುದು ಅವರ ಧರ್ಮ. "ಮದುವ್ಯಾಗ ಮಂದಿ ಏನ್ ಮಾತಾಡ್ತಾರ? ಒಂದು ಊಟದ್ದು, ಇಲ್ಲಾ ಜಗಳದ್ದು. ಅದನ್ನ್ಯಾರು ಕೇಳ್ತಾರ?" ಎನ್ನುತ್ತಿದ್ದರು.

ಬಸವಕಲ್ಯಾಣದ ಮುಸ್ಲಿಂ ಮನೆತನಗಳ ಮದುವೆಯಲ್ಲಿ ಪರದೆಯ ಆಚೆ, ಹೆಂಗಸರ ಕಡೆಗೆ, ಮಾಮಾ ಹೋಗುವಂತಿರಲಿಲ್ಲ. ಅಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದವರು ನಮ್ಮ ಅತ್ತಿ, ಅಂದರೆ ಮಾಮಾನ ಹೆಂಡತಿ. ಆ ಕ್ಯಾಸೆಟ್ಟು ಅಂಗಡಿಗೆ ಬರುವಂತಿಲ್ಲ, ಮಾಮಾ ಕೂಡ ನೋಡುವಂತಿಲ್ಲ. ಕ್ಯಾಮೆರಾದಿಂದ ತೆಗೆದು, ಹಾಡು ಹಾಕದೆ ಇದ್ದಂತೆಯೇ, ಅಲ್ಲಿಯೇ ಮದುಮಗಳ ತಾಯಿಯ ಕೈಗೆ ಕೊಟ್ಟು ಬರಬೇಕು. ಅತ್ತಿ ಕೊಟ್ಟ ಮಾತದು, ಒಮ್ಮೆಯೂ ಮುರಿಯಲಿಲ್ಲ. ಮಾಮಾನ ಕಟ್ಟಪ್ಪಣೆ ಒಂದೇ: "ರೆಕಾರ್ಡಿಂಗ್ ನಡದಾಗ ತುಟಿ ಬಿಚ್ಚಬ್ಯಾಡ." ಅತ್ತಿ "ಹೂಂ" ಎನ್ನುತ್ತಿದ್ದರು. ಅತ್ತಿಯ ಹೂಂಗೆ ಎಷ್ಟು ಬೆಲೆ ಎಂದು ನಮಗೆಲ್ಲ ಗೊತ್ತಿತ್ತು. ಮಾಮಾನಿಗೊಬ್ಬರಿಗೆ ಗೊತ್ತಿರಲಿಲ್ಲ.

ಈ ಅತ್ತಿ ಹೋದ ವರ್ಷವಲ್ಲ, ಅದರ ಹಿಂದಿನ ವರ್ಷದ ಮಳೆಗಾಲದಲ್ಲಿ ಜ್ವರವೆಂದು ಮಲಗಿದವರು ಏಳಲಿಲ್ಲ. ಬೀದರಿನ ಆಸ್ಪತ್ರೆಗೆ ಒಯ್ಯಲು ಬಂದ ಜೀಪು ಬಾಗಿಲಲ್ಲಿ ನಿಂತಿತ್ತು. ಅದು ಖಾಲಿಯಾಗಿಯೇ ಮರಳಿತು. ಮಾಮಾ ಅಳಲಿಲ್ಲ. ದಿನಕರ್ಮ ಮುಗಿದ ಮೇಲೆ ನಮ್ಮನ್ನೆಲ್ಲ ಕೂಡಿಸಿಕೊಂಡು, ಪಿಕ್ಚರ್ ತೆಗೆಯುತ್ತೇನೆ ಎಂದರು!

ಹೆಂಡತಿಯನ್ನು ಕಳಕೊಂಡವನೊಬ್ಬ ಹಿಂದಿನ ಕಾಲಕ್ಕೆ ಹೋಗಿ ಆಕೆಯನ್ನು ಕಂಡು ಬರುವ ಕತೆ. ನಾಯಕ ಯಾರು? ಅವರೇ! ಕಾಲಯಂತ್ರ ಯಾವುದು? ಕೆಮಿಕಲ್ ಕಾರ್ಖಾನೆಗಳಿಂದ ಖಾಲಿಯಾಗಿ ಬಂದು, ನಮ್ಮ ಕಡೆ ಮನೆಮನೆಯಲ್ಲಿ ನೀರು ತುಂಬಿಡಲು ನಿಂತಿರುತ್ತದಲ್ಲ, ಆ ನೀಲಿ ಡ್ರಮ್ಮು. ಅದಕ್ಕೆ ಮದುವೆ ಮಂಟಪದ ಲೈಟಿನ ಸರ ಸುತ್ತಿ, ಮಾಮಾ ಒಳಗಿಳಿದು ಕುಕ್ಕರಗಾಲಲ್ಲಿ ಕೂತರು. ಆಮೇಲೆ ಏಳಲಾಗಲಿಲ್ಲ. "ಸತ್ತೆನೋ! ಎಳೀರೋ!" ಎಂದು ಒಳಗಿಂದ ಕೂಗು. ಹಮಾಲರು ಬಂದು ಡ್ರಮ್ಮನ್ನು ಅಡ್ಡ ಕೆಡವಿ, ಜೋಳದ ಚೀಲ ಎಳೆದಂತೆ ಎಳೆದು ಹಾಕಿದರು. ಕ್ಯಾಮೆರಾ ಹಿಡಿದಿದ್ದವಳು ನಾನು, ನಿಲ್ಲಿಸಲಿಲ್ಲ. ಮುಂದೆ ಪ್ರೇಕ್ಷಕರೆಲ್ಲ ಒಕ್ಕೊರಲಿನಿಂದ ಮೆಚ್ಚಿದ ಅಭಿನಯ ಅದೊಂದೇ!

ಹಿಂದಿನ ಕಾಲವನ್ನು ಬಸವಕಲ್ಯಾಣದ ಕಿಲ್ಲೆಯಲ್ಲಿ ತೆಗೆದೆವು.

"ಮಾಮಾ, ಅತ್ತಿ ಹೋಗಿ ಇನ್ನೂ ಎರಡು ವರ್ಷ ಆಗಿಲ್ಲ. ಈ ಕಿಲ್ಲೆ ರಾಜರ ಕಾಲದ್ದದಲ್ರೀ!"

"ಸ್ವಲ್ಪ ಜಾಸ್ತಿ ಹಿಂದಕ ಹೋತು ಅಂತ ತಿಳ್ಕೊ. ಹೊಸಾ ಮಷೀನ್ ಅದ."

ಅತ್ತಿಯ ಪಾತ್ರಕ್ಕೆ ನಮ್ಮವ್ವ. ಅತ್ತಿಯ ಸೀರೆ ಉಟ್ಟು, ಬೆನ್ನು ತೋರಿಸಿ ಒಲೆಯ ಮುಂದೆ ನಿಂತಳು. ನಾಯಕ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕರೆಯುತ್ತಾನೆ, ಆಕೆ ಏನೋ ಹೇಳುತ್ತಾಳೆ. ಅಲ್ಲಿ ಮಾಮಾ ಸದ್ದನ್ನೇ ಇಡಲಿಲ್ಲ. ಮಾತಿಲ್ಲ, ಹಾಡಿಲ್ಲ, ಒಂದು ಪೀಪಿಯೂ ಇಲ್ಲ! ನಾನು ದನಿ ಕೊಡುತ್ತೇನೆ ಎಂದದ್ದಕ್ಕೆ, "ನಿಂದೇನು ಅಕಿ ಆವಾಜೇನು?" ಎಂದು ಗದರಿದರು.

ಬಸವಕಲ್ಯಾಣದ ಒಂದು ಫಂಕ್ಷನ್ ಹಾಲಿನಲ್ಲಿ, ಮದುವೆ ಇಲ್ಲದ ಮಧ್ಯಾಹ್ನ, ಪ್ರದರ್ಶನ ಇಟ್ಟೆವು. ಆ ದೃಶ್ಯ ಬಂದದ್ದೇ ತಡ, "ಆವಾಜ್! ಆವಾಜ್!" ಎಂದು ಜನ ಸೀಟಿ ಹೊಡೆದರು. ಯಾರೋ ಪುಣ್ಯಾತ್ಮ ಎದ್ದು ಹೋಗಿ ಸ್ಪೀಕರಿಗೆ ನಾಲ್ಕು ಗುದ್ದಿದ. ಮಾಮಾ ಹಿಂದಿನ ಗೋಡೆಗೊರಗಿ ಜನರನ್ನೇ ನೋಡುತ್ತಿದ್ದರು.

ಆಮೇಲೆ ಪಿಕ್ಚರನ್ನು ಇಂಟರ್ನೆಟ್ಟಿಗೂ ಹಾಕಿದೆವು. ಕಮೆಂಟುಗಳನ್ನು ಓದಿ ಹೇಳುವ ಪಾಪದ ಕೆಲಸ ನನ್ನದು. "ಆಡಿಯೋ ಸರಿ ಇಲ್ಲ." "ಹೀರೋ ಅಷ್ಟು ಹಿಂದಕ್ಕೆ ಹೋಗಿ ಮಾಡಿದ್ದೇನು?" "ಅದೇ ಡ್ರಮ್ಮಿನಲ್ಲಿ ನನ್ನನ್ನೂ ಕೂಡಿಸಿ, ಈ ಪಿಕ್ಚರ್ ನೋಡುವ ಮೊದಲಿನ ಕಾಲಕ್ಕೆ ಬಿಡಿ." ಇಂಥವೇ ಎಲ್ಲ. ಮಾಮಾನಿಗೆ ಇಷ್ಟಕ್ಕೆ ತೃಪ್ತಿಯಿಲ್ಲ. ಗಂಜಿನಲ್ಲಿ, ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ ಸಿಕ್ಕಸಿಕ್ಕವರನ್ನು ಹಿಡಿದು, "ಪಿಕ್ಚರ್ ಹ್ಯಾಂಗಿತ್ರಿ? ಅಕಿ ಮಾತಾಡೋ ಸೀನ್ ಹ್ಯಾಂಗಿತ್ರಿ?" ಎಂದು ಕೇಳತೊಡಗಿದರು. ಮನ್ನಾಏಖೇಳ್ಳಿಯಲ್ಲಿ ಪರಿಚಯದ ಹಿರಿಯರೊಬ್ಬರು ತೀರಿಕೊಂಡಾಗ ಮಣ್ಣಿಗೆ ಹೋದೆವು. ಹೆಣ ಇನ್ನೂ ಅಂಗಳದಲ್ಲೇ ಇತ್ತು. ಮಾಮಾ ತೀರಿಕೊಂಡವರ ಮಗನ ಹತ್ತಿರ ಸರಿದು ಮೆಲ್ಲಗೆ ಕೇಳಿಯೇಬಿಟ್ಟರು:

"ಅಪ್ಪಾರು ನಮ್ಮ ಪಿಕ್ಚರ್ ನೋಡಿದ್ರೇನ್ರಿ?"

ಮಗ ಕಣ್ಣೊರೆಸಿಕೊಂಡ. "ನೋಡಿದ್ರಿ. ಅದು ನೋಡಿದ ಮ್ಯಾಲೇ ಹಾಸಿಗಿ ಹಿಡದ್ರು."

"ಪೂರಾ ನೋಡಿದ್ರೇನು?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರಳಿ ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಜಾಡಿಸಿದೆ. "ಮಂದಿ ಸತ್ತು ಅಳಾಕತ್ತಾರ, ನಿಮಗ ಪಿಕ್ಚರಿನ ಚಿಂತಿ! ಏನ್ ಮನಷಾರ್ರೀ ನೀವು?"

ಮಾಮಾ ಕಿಟಕಿಯ ಕಡೆಗೆ ತಿರುಗಿದರು. "ಅಕಿ ಆವಾಜ್ ನಂಗ ನೆನಪಾಗವಲ್ದವಾ," ಎಂದರು. "ಮಾರಿ ನೆನಪದ, ಫೋಟೋ ಅದ. ಏನೇನು ಅಂತಿದ್ಲು, ಅದೂ ನೆನಪದ. ಆವಾಜಷ್ಟ ಹೋಗ್ಯದ. ಆ ಸೀನ್ ನೋಡಿ ಯಾರರ ಒಬ್ರು, ನಿನ್ನ ಹೇಣ್ತಿ ಹಿಂಗ ಮಾತಾಡ್ತಿದ್ಲು ನೋಡು, ಅಂತ ಅಂದು ತೋರಿಸ್ತಾರೇನೋ ಅಂತ ಕೇಳಾಕತ್ತೇನಿ. ಊರ ಮಂದಿ ಆವಾಜೆಲ್ಲಾ ಅಳಿಸಿ ಹಾಡು ಹಾಕಿದವ ನಾ. ಈಗ ಯಾರನ್ನ ಕೇಳ್ಲಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅತ್ತಿಯ ದನಿಯನ್ನು ನೆನೆಯಲು ಹೋದರೆ ನನಗೂ ಸಿಗಲಿಲ್ಲ.

ಕೊನೆಯ ಅಭಿಪ್ರಾಯ ಫೋನಿನಲ್ಲಿ ಬಂತು. ಬಸವಕಲ್ಯಾಣದ ಒಬ್ಬ ಹೆಣ್ಣುಮಗಳು. ಕ್ಯಾಸೆಟ್ಟಿನ ಕಾಲದಲ್ಲಿ ಆಕೆಯ ಮದುವೆಗೆ ಮಾಮಾ ಹೊರಗೆ, ಅತ್ತಿ ಒಳಗೆ ಕ್ಯಾಮೆರಾ ಹಿಡಿದಿದ್ದರಂತೆ. ಅತ್ತಿಯನ್ನು ಆಕೆ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದಳು.

"ಭಾಯ್‌ಸಾಬ್, ನಿಮ್ಮ ಪಿಕ್ಚರ್ ಝೂಟ್, ಪೂರಾ ಸುಳ್ಳು ಅದರಿ! ಆಪಾ ಏನು ಮೂಕಿ ಇದ್ರೇನು? ನನ್ನ ಶಾದಿ ಕ್ಯಾಸೆಟ್ ತುಂಬಾ ಅವರದೇ ಮಾತದ."

"ಇಲ್ಲಮ್ಮ, ರೆಕಾರ್ಡಿಂಗದಾಗ ಅಕಿ ತುಟಿ ಬಿಚ್ಚತಿರಲಿಲ್ಲ," ಎಂದರು ಮಾಮಾ. ಆದರೂ ಮರುದಿನ ಬೆಳಿಗ್ಗೆ ಹಳೆಯ ವಿಡಿಯೋ ಕ್ಯಾಸೆಟ್ ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಬಸವಕಲ್ಯಾಣದ ಬಸ್ಸಿನಲ್ಲಿ ಕೂತಿದ್ದರು, ಪಕ್ಕದಲ್ಲಿ ನಾನು.

ಆಕೆ ಚಹಾ ಕೊಟ್ಟಳು. ಪ್ಲೇಯರಿಗೆ ವೈರು ಸಿಕ್ಕಿಸಿ ಆದ ಮೇಲೆ ಹೇಳಿದಳು: "ಭಾಯ್‌ಸಾಬ್, ನೀವು ನೋಡಂಗಿಲ್ಲ. ಹೆಂಗಸರ ಕಡೀದು. ಆಪಾ ಕೊಟ್ಟ ಜಬಾನ್ ಅದ. ಗೋಡಿ ಕಡೆ ಮಾರಿ ಮಾಡಿ ಕೂಡ್ರಿ."

ಮಾಮಾ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಕೂತರು, ಶಾಲೆಯಲ್ಲಿ ಶಿಕ್ಷೆ ಪಡೆದ ಹುಡುಗನಂತೆ. ನಾನು ಹೆಣ್ಣಾದ್ದರಿಂದ ಗುಂಡಿ ಒತ್ತುವ ಕೆಲಸ ನನಗೆ ಬಂತು.

ಟಿವಿಯಲ್ಲಿ ಗೆರೆಗಳು ಓಡಿದವು. ಮೆಹಂದಿಯ ಕೈಗಳು ಕಂಡವು. ಆಮೇಲೆ, ಕ್ಯಾಮೆರಾದ ಹಿಂದಿನಿಂದ, ಅತ್ತಿ:

"ತಲಿ ಎತ್ತು ಬೇಟಿ. ಇಷ್ಟ್ಯಾಕ ಅಳ್ತಿ? ನಾನೂ ಹಿಂಗೇ ಅತ್ತಿದ್ದೆ. ಈಗ ನಮ್ಮ ಮನಿಯವರನ್ನ ಅಳಸಾಕತ್ತೇನಿ!"

ಕ್ಯಾಸೆಟ್ಟಿನ ಹೆಂಗಸರೆಲ್ಲ ನಕ್ಕರು. ಇಲ್ಲಿ ಆಕೆಯೂ ನಕ್ಕಳು. ಮಾಮಾನ ಬೆನ್ನು ಅಲುಗಲಿಲ್ಲ. ಚಿತ್ರ ಓಲಾಡಿ, ಗಂಡಸರ ಕಡೆಗೆ ಕಟ್ಟಿದ್ದ ಪರದೆಯತ್ತ ಹೊರಳಿತು.

"ಏನ್ರೀ, ಆಚಿ ಇದ್ದೀರೇನು? ಉಂಡ್ರಿಲ್ಲೋ? ಉಪಾಸ ನಿಂದ್ರಬ್ಯಾಡ್ರಿ, ನಿಮಗ ತಲಿ ತಿರಗ್ತದ..."

ಪರದೆಯ ಆಚೆಯಿಂದ ಹರೆಯದ, ಗಡಸಾದ ಗಂಡುದನಿ ಬಂತು. ಮಾಮಾನದೇ. "ಏ, ಸುಮ್ಮಕಿರು! ಆವಾಜ್ ಬರ್ತದ ಅದರಾಗ!"

ಅತ್ತಿಯ ಮಾತು ಅಲ್ಲಿಗೇ ನಿಂತಿತು.

ಮಾಮಾ ಎದ್ದು ಎರಡೂ ಕೈಯಿಂದ ಗೋಡೆಗೆ ಬಡಿದರು. "ನೀ ಸುಮ್ಮಕಿರ್ಲೇ ಹುಚ್ಚಪ್ಯಾಲಿ! ಅಕಿ ಮಾತಾಡ್ಲಿ! ಅಕಿನ್ನ ಮಾತಾಡಾಕ ಬಿಡಲೇ!"

ಆಗಲೂ ತಿರುಗಿ ನೋಡಲಿಲ್ಲ. ಅತ್ತಿ ಕೊಟ್ಟ ಮಾತಿಗೆ ಕಟ್ಟುಬಿದ್ದು, ಗೋಡೆಗೆ ಹಣೆ ಹಚ್ಚಿ, ಹೆಂಡತಿ ಸತ್ತಂದು ಅಳದಿದ್ದ ನಮ್ಮ ಮಾಮಾ ಗೊಳೋ ಎಂದು ಅತ್ತರು. ಆ ಹೆಣ್ಣುಮಗಳು ಕಣ್ಣಿಗೆ ಸೆರಗು ಒತ್ತಿಕೊಂಡು, ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸು ಎಂದು ನನಗೆ ಸನ್ನೆ ಮಾಡಿದಳು. ಓಡಿಸಿದೆ.

"ಏನ್ರೀ, ಆಚಿ ಇದ್ದೀರೇನು? ಉಂಡ್ರಿಲ್ಲೋ?"

"ಇನ್ನೂ ಇಲ್ಲ," ಎಂದರು ಮಾಮಾ, ಗೋಡೆಗೆ.