ಇಪ್ಪತ್ತೆರಡು ಮೆಟ್ಟಿಲು, ಒಂದು ಆಕ್ಷೇಪಣೆ

ಬದ್ರುದ್ದೀನನ ಹೋಟೆಲಿನ ಗೋಡೆಗೆ ಪಂಚಾಯತಿನವರು ಆ ನೋಟೀಸು ಅಂಟಿಸದೇ ಇದ್ದಿದ್ದರೆ, ಸುಧಾಕರ ಅಂದು ಎರಡು ಗೋಳಿಬಜೆ ತಿಂದು, ಒಂದು ಚಾ ಕುಡಿದು, ಸುಮ್ಮನೆ ತನ್ನ ಮಿಕ್ಸಿ ರಿಪೇರಿ ಅಂಗಡಿಗೆ ಹೋಗಿಬಿಡುತ್ತಿದ್ದ. ಆದರೆ ಅಂಟಿಸಿದ್ದು ಅವನ ಮೂಗಿನ ನೇರಕ್ಕೆ. ಗಾಲಿಕುರ್ಚಿಯಲ್ಲಿ ಕೂತವನ ಕಣ್ಣಿನ ಎತ್ತರಕ್ಕೆ ಸರಿಯಾಗಿ ನೇರಳಪಲ್ಕೆ ಪಂಚಾಯತು ಇಷ್ಟು ವರ್ಷಗಳಲ್ಲಿ ಮಾಡಿದ ಕೆಲಸ ಅದೊಂದೇ.

“ಪಂಚಾಯತು ಕಟ್ಟಡವು ವಿಕಲಚೇತನರೂ ಸೇರಿದಂತೆ ಸರ್ವರಿಗೂ ಸುಗಮವಾಗಿದೆಯೆಂದು ಘೋಷಿಸಲು ಉದ್ದೇಶಿಸಲಾಗಿದೆ. ಆದುದರಿಂದ ನೆಲ ಅಂತಸ್ತಿನ ಖಾಲಿ ಕೋಣೆಯನ್ನು ಬಾಡಿಗೆಗೆ ನೀಡಲಾಗುವುದು. ಆಕ್ಷೇಪಣೆ ಇರುವವರು ಇಂದು ಸಂಜೆ ಐದು ಗಂಟೆಯೊಳಗೆ ಖುದ್ದಾಗಿ ಕಚೇರಿಗೆ ಹಾಜರಾಗಿ ಸಲ್ಲಿಸತಕ್ಕದ್ದು.”

ಸುಧಾಕರ ಕಚ್ಚಿದ ಗೋಳಿಬಜೆಯನ್ನು ತಟ್ಟೆಗೆ ಹಾಕಿದ.

“ಸುಗಮ ಅಂತೆ! ಬದ್ರುದ್ದೀನ್, ಓದಿದ್ಯಾ ಇದನ್ನು?”

“ಅಂಟಿಸ್ಲಿಕ್ಕೆ ಗೋಂದು ಕೊಟ್ಟದ್ದೇ ನಾನು ಅಣ್ಣ. ಓದ್ಲಿಕ್ಕೆ ಪುರ್ಸೊತ್ತು ಎಲ್ಲಿ ಉಂಟು?”

ಕಟ್ಟಡದ ವಿಷಯ ಹೇಳಬೇಕು. ಕೆಳಗೆ ಬದ್ರುದ್ದೀನನ ಹೋಟೆಲು, ಅದರ ಪಕ್ಕದಲ್ಲಿ ಬೀಗ ಜಡಿದ ಆ ಖಾಲಿ ಕೋಣೆ. ಕಚೇರಿ ಇರುವುದು ಮೇಲೆ, ಇಪ್ಪತ್ತೆರಡು ಮೆಟ್ಟಿಲಿನ ಮೇಲೆ, ನಡುವೆ ಒಂದು ಇಕ್ಕಟ್ಟಿನ ತಿರುವು. ಏಳು ವರ್ಷದ ಹಿಂದೆ ಗಲ್ಫಿನಲ್ಲಿ ಕಟ್ಟಡ ಕೆಲಸದ ಅಟ್ಟಣಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡು ಊರಿಗೆ ಬಂದ ಮೇಲೆ ಸುಧಾಕರನನ್ನು ಮೂರು ಸಲ ಜನ ಆ ಮೆಟ್ಟಿಲಲ್ಲಿ ಎತ್ತಿಕೊಂಡು ಹೋಗಿದ್ದರು. ಮೂರನೆಯ ಸಲ ತಿರುವಿನಲ್ಲಿ ಮೊಣಕಾಲು ಗೋಡೆಗೆ ಬಡಿದು ಚರ್ಮ ಸುಲಿಯಿತು. ನೋವು ಗೊತ್ತಾಗಲಿಲ್ಲ. ಆದರೆ ನೋಡಿದವರೆಲ್ಲ “ಛೆ, ಪಾಪ” ಎಂದದ್ದು ಮಾತ್ರ ಚೆನ್ನಾಗಿ ಗೊತ್ತಾಯಿತು. ಅಕ್ಕಿಮೂಟೆಯ ಹಾಗೆ ಎತ್ತಿಸಿಕೊಳ್ಳುವುದೆಂದರೆ ಅವನಿಗೆ ನಾಚಿಕೆ, ನಾಚಿಕೆಗಿಂತ ಹೆಚ್ಚು ಸಿಟ್ಟು. ಇನ್ನು ಯಾರಿಂದಲೂ ಎತ್ತಿಸಿಕೊಳ್ಳುವುದಿಲ್ಲ ಎಂದು ಹೆಂಡತಿ ಕುಸುಮಳ ಮುಂದೆ ಆಣೆ ಹಾಕಿದ್ದ. ಒಂದು ವರ್ಷದಿಂದ ಅವನು ಕೇಳುತ್ತಿದ್ದದ್ದು ಇಷ್ಟೇ: ಆ ಖಾಲಿ ಕೋಣೆಯಲ್ಲಿ ಒಂದು ಮೇಜು ಇಟ್ಟು ಕೆಳಗೇ ಅರ್ಜಿ ತೆಗೆದುಕೊಳ್ಳಿ. ಈಗ ಕೋಣೆಯೇ ಕೈತಪ್ಪುವ ಹಾಗಿತ್ತು.

ಅಲ್ಲೇ ಹೋಟೆಲಿನ ಮೇಜಿನ ಮೇಲೆ ಆಕ್ಷೇಪಣೆ ಬರೆದು, ಮೇಲಿನ ಕಚೇರಿಗೆ ಫೋನು ಹಚ್ಚಿದ. ಎತ್ತಿದ್ದು ಗುಮಾಸ್ತೆ ಜುಲೈಕಾ.

“ಜುಲೈಕಾ, ನಾನು ಕೆಳಗೆ ಇದ್ದೇನೆ. ರಿಜಿಸ್ಟರ್ ಹಿಡ್ಕೊಂಡು ಒಮ್ಮೆ ಇಳಿದು ಬಾ ಮಾರಾಯ್ತಿ.”

“ಆಗುದಿಲ್ಲ ಸುಧಾಕರಣ್ಣ. ರಿಜಿಸ್ಟರ್ ಕೋಣೆಯಿಂದ ಹೊರಗೆ ತರ್ಲಿಕ್ಕಿಲ್ಲ ಅಂತ ಸರ್ ಹೇಳಿದ್ದಾರೆ. ನೀವೇ ಬರ್ಬೇಕು.”

“ನಾನು ಬರ್ಲಿಕ್ಕೆ ಆಗುದಿಲ್ಲ ಅಂತಲೇ ಆಕ್ಷೇಪಣೆ ಕೊಡ್ತಾ ಇರುದು!”

“ಅದನ್ನು ಮೇಲೆ ಬಂದು ಹೇಳ್ಬೇಕಂತೆ ಅಣ್ಣ.”

ಬದ್ರುದ್ದೀನ್ ಮುಂದೆ ಬಂದ. ಕಾಗದ ಹಿಡಿದು ದಡದಡನೆ ಹತ್ತಿದ, ಅಷ್ಟೇ ಬೇಗ ಇಳಿದ. ಅಭಿವೃದ್ಧಿ ಅಧಿಕಾರಿ ಮಹೇಶ್ವರ ಭಟ್ಟರು ನೋಟೀಸಿನ ‘ಖುದ್ದಾಗಿ’ ಎಂಬಲ್ಲಿ ಬೆರಳಿಟ್ಟು ತೋರಿಸಿದ್ದರಂತೆ.

ಆಗ ಸುಧಾಕರನ ಕಣ್ಣಿಗೆ ಬಿದ್ದದ್ದು ಬುಟ್ಟಿ. ಕಚೇರಿಯವರಿಗೆ ಚಾ ಹೋಗುವುದು ಮೆಟ್ಟಿಲಿನಲ್ಲಲ್ಲ. ಮೇಲಿನ ಜಗಲಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ, ಬದ್ರುದ್ದೀನ್ ಗ್ಲಾಸು ಇಡುತ್ತಾನೆ, ಬುಟ್ಟಿ ಏರುತ್ತದೆ.

“ಚಾಕ್ಕೆ ಲಿಫ್ಟ್ ಉಂಟು, ನನಗಿಲ್ಲ! ಇಡು ಇದರಲ್ಲಿ ಕಾಗದ. ಭಟ್ರ ಕೈಗೇ ಹೋಗ್ತದೆ. ನನ್ನನ್ನು ಜಗಲಿಯಿಂದ ಬಗ್ಗಿ ನೋಡಿದ್ರೆ ಖುದ್ದು ಆಯ್ತಲ್ಲ.”

ನಾಲ್ಕು ಗಂಟೆಯ ಚಾದ ಜೊತೆ ಆಕ್ಷೇಪಣೆ ಮೇಲೇರಿತು. ಅರ್ಧ ದಾರಿಯಲ್ಲಿ ಬುಟ್ಟಿ ಕಿಟಕಿ ಮೇಲಿನ ಸಜ್ಜಾಕ್ಕೆ ತಾಗಿ ಓಲಾಡಿತು. ಐದು ನಿಮಿಷದಲ್ಲಿ ಖಾಲಿ ಗ್ಲಾಸುಗಳ ಅಡಿಯಲ್ಲಿ ಕಾಗದವೂ ವಾಪಸು ಬಂತು, ಅಂಚಿನಿಂದ ಅಂಚಿಗೆ ಚಾ ಕುಡಿದು. ಹಿಂದೆಯೇ ಭಟ್ಟರೂ ಜಗಲಿಗೆ ಬಂದರು. ಒಳ್ಳೆಯ ಮನುಷ್ಯ, ಯಾರಿಗೂ ದನಿ ಏರಿಸಿ ಮಾತಾಡಿದವರಲ್ಲ.

“ಸುಧಾಕರ್ರೇ, ಒದ್ದೆ ಅರ್ಜಿಗೆ ಸೀಲು ಕೂತುಕೊಳ್ಳುವುದಿಲ್ಲ. ನೀವು ದಯಮಾಡಿ ಮೇಲೆ ಬನ್ನಿ.”

“ನೀವು ದಯಮಾಡಿ ಕೆಳಗೆ ಬನ್ನಿ ಭಟ್ರೇ!”

“ನಾನು ಬರಬಹುದು. ಆದರೆ ಕಚೇರಿ ಬರಬೇಕಲ್ಲ.”

ಸುಧಾಕರ ಹಲ್ಲು ಕಚ್ಚಿಕೊಂಡು ಇನ್ನೊಂದು ಕಾಗದ ಬರೆಯತೊಡಗಿದ. ಅವನಿಗೆ ತನ್ನ ಮೇಲೆ ನಂಬಿಕೆ ಇತ್ತು. ಐದು ಗಂಟೆಯವರೆಗೆ ಇಲ್ಲೇ ಕೂತು ಕೂಗಿದರೆ ಊರೇ ಸೇರುತ್ತದೆ, ಊರು ಸೇರಿದರೆ ಭಟ್ಟರು ಇಳಿಯಲೇಬೇಕು. ಊರೇನೋ ಸೇರಿತು. ಲೆಕ್ಕ ತಪ್ಪಿದ್ದು ಅಲ್ಲೇ.

ಅವನು ಕೂಗಿ ಕೂಗಿ ನಾಲ್ಕೂವರೆ ದಾಟುವ ಹೊತ್ತಿಗೆ ಅಳದಂಗಡಿ ಕಡೆಯ ಮದುವೆ ಮುಗಿಸಿ ಶಿಶಿರನ ಪಿಕಪ್ ಬಂತು. ಶಿಶಿರನದು ಶಾಮಿಯಾನದ ಕೆಲಸ. ಎದುರಿನ ಸೋರುವ ಶೆಡ್ಡಿನಲ್ಲಿ ಅವನ ಸಾಮಾನು. ಅವನೂ ಅವನ ಮೂರು ಆಳುಗಳೂ ದಿನಕ್ಕೆ ಐನೂರು ಕುರ್ಚಿ ಎತ್ತಿ ಇಳಿಸುವವರು. ಅಂಥವರ ಕಣ್ಣಿಗೆ ಮೆಟ್ಟಿಲಿನ ಬುಡದಲ್ಲಿ ಒಂದು ಕುರ್ಚಿ ಬಿದ್ದರೆ ಕೇಳಬೇಕೇ?

“ಎಂತ ಸುಧಾಕರಣ್ಣ, ಮೇಲೆ ಹೋಗ್ಬೇಕಾ? ನಮಗೆ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ?”

“ಬೇಡ ಶಿಶಿರ್. ನಾನು ಮೇಲೆ ಹೋಗ್ಲಿಕ್ಕಿಲ್ಲ. ಅದೇ ವಿಷಯ...”

“ಸಂಕೋಚ ಮಾಡ್ಬೇಡಿ ಅಣ್ಣ. ಹಿಡೀರಿ ಮಾರಾಯ್ರೇ!”

“ಹೇ, ಬಿಡಿ! ಬೇಡ ಅಂದ್ನಲ್ಲ! ಬದ್ರುದ್ದೀನ್, ಹೇಳೋ ಇವರಿಗೆ!”

“ತಿರುವಿನಲ್ಲಿ ಜಾಗ್ರತೆ, ಕಾಲು ತಾಗ್ತದೆ!” ಎಂದು ಬದ್ರುದ್ದೀನ್ ಹೇಳಿದ. ಹೇಳು ಎಂದದ್ದಕ್ಕೆ ಅವನು ಹೇಳಿದ್ದು ಅದನ್ನು.

ನಾಲ್ಕು ಜನರ ಕೈಯಲ್ಲಿ ಕುರ್ಚಿ ನೆಲ ಬಿಟ್ಟಿತು. ಸುಧಾಕರ ಕೂಗಿದ, ಬೈದ, ಒಬ್ಬನ ಕೂದಲು ಹಿಡಿದ. “ಹೆದರ್ಬೇಡಿ ಅಣ್ಣ, ಬೀಳಿಸುದಿಲ್ಲ” ಎಂದು ಅವರು ಇನ್ನೂ ಭದ್ರವಾಗಿ ಹಿಡಿದರು. ಎರಡು ನಿಮಿಷದಲ್ಲಿ ಅವನು ಬೆವೆತು ಕೆಂಪಾಗಿ ಭಟ್ಟರ ಮೇಜಿನ ಮುಂದಿದ್ದ. ಶಿಶಿರ ಕೈ ಒರೆಸಿಕೊಂಡು, “ಇಷ್ಟೇ ಕೆಲಸ” ಎಂದು ಇಳಿದು ಹೋದ.

ಗೋಡೆಯ ಗಡಿಯಾರ ನಾಲ್ಕು ಮುಕ್ಕಾಲು ತೋರಿಸುತ್ತಿತ್ತು. ಸುಧಾಕರ ಉಸಿರೆಳೆದುಕೊಂಡ. ಆಣೆ ಮುರಿಯಿತು, ಸರಿ. ಮಾನವೂ ಹೋಯಿತು, ಸರಿ. ಆದರೆ ಅರ್ಜಿ ಕೈಯಲ್ಲಿದೆ, ಹೊತ್ತು ಮೀರಿಲ್ಲ. ಕಾಗದವನ್ನು ಮೇಜಿಗೆ ಬಡಿದು ಇಟ್ಟ.

“ತಗೊಳ್ಳಿ. ಖುದ್ದು!”

ಭಟ್ಟರು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು. ಜುಲೈಕಾ ನಂಬರು ಹಾಕಿದಳು, ಸೀಲು ಒತ್ತಿದಳು. ಭಟ್ಟರು ಹತ್ತು ನಿಮಿಷ ತಲೆಬಗ್ಗಿಸಿ ಅಡಿಯಲ್ಲಿ ಬರೆದು, ಹಿಂಬರಹದ ಪ್ರತಿಯನ್ನು ನಗುತ್ತಾ ಕೊಟ್ಟರು. ಗೆದ್ದೆ ಎಂದುಕೊಂಡೇ ಸುಧಾಕರ ಓದಿದ.

“ಕಚೇರಿಯನ್ನು ತಲುಪಲು ಸಾಧ್ಯವಿಲ್ಲವೆಂದು ಆಕ್ಷೇಪಿಸಿರುವ ಅರ್ಜಿದಾರರು, ಗಾಲಿಕುರ್ಚಿ ಸಹಿತ ಖುದ್ದಾಗಿ ಕಚೇರಿಗೆ ಹಾಜರಾಗಿ ಸದರಿ ಆಕ್ಷೇಪಣೆಯನ್ನು ಸಲ್ಲಿಸಿರುತ್ತಾರೆ. ಆದುದರಿಂದ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ವಿಲೇವಾರಿ ಮಾಡಲಾಗಿದೆ.”

“ಭಟ್ರೇ! ನಾನು ಬಂದದ್ದಲ್ಲ, ನನ್ನನ್ನು ತಂದದ್ದು!”

“ಹೇಗೆ ಬಂದಿರಿ ಅಂತ ಬರೆಯಲಿಕ್ಕೆ ನಮೂನೆಯಲ್ಲಿ ಜಾಗ ಇಲ್ಲ ಸುಧಾಕರ್ರೇ. ಬಂದಿರಾ, ಇಲ್ಲವಾ, ಅಷ್ಟೇ ಉಂಟು.”

ಸುಧಾಕರ ಹಿಂಬರಹವನ್ನು ಇನ್ನೊಮ್ಮೆ ಓದಿದ. ಆಮೇಲೆ ಅವನ ಮುಖದಲ್ಲಿ ನಗು ಹುಟ್ಟಿತು. ಗಾಲಿಗಳ ಬ್ರೇಕ್ ಎಳೆದು, ಕೈಕಟ್ಟಿ ಕೂತ.

“ಆಯ್ತು. ಕಟ್ಟಡ ಸುಗಮ ಅಂತ ಬರೆದವರು ನೀವು. ಹಾಗಾದ್ರೆ ನಾನೇ ಇಳಿಯುವ ದಾರಿ ತೋರಿಸಿ, ಹೋಗ್ತೇನೆ. ಇಲ್ಲದಿದ್ರೆ ನಾನು ಇಲ್ಲೇ. ನೀವು ಬೀಗ ಹೇಗೆ ಹಾಕ್ತೀರಿ, ನಾನೂ ನೋಡ್ತೇನೆ.”

ಐದು ಹೊಡೆಯಿತು. ಜುಲೈಕಾ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಭಟ್ಟರು ಮೊದಲ ಬಾರಿಗೆ ಹಣೆ ಒರೆಸಿಕೊಂಡರು. ಕಡೆಗೂ ಇವರನ್ನು ಕಟ್ಟಿಹಾಕಿದೆ ಎಂದು ಸುಧಾಕರನಿಗೆ ಎದೆ ತುಂಬಿ ಬಂತು. ಭಟ್ಟರು ಜಗಲಿಗೆ ಹೋಗಿ, ಅಷ್ಟೇ ಮೆಲ್ಲನೆಯ ದನಿಯಲ್ಲಿ ಕರೆದರು.

“ಶಿಶಿರಾ, ಬಿಡುವುಂಟಾ? ಕೀಲಿಕೈಯೂ ಕೊಡುವುದಿತ್ತು. ಆಕ್ಷೇಪಣೆ ಮುಗಿಯಿತು.”

ಬ್ರೇಕ್ ಹಾಕಿದ ಕುರ್ಚಿ ಎತ್ತಲು ಇನ್ನೂ ಸುಲಭ. ಗಾಲಿ ಉರುಳುವುದಿಲ್ಲ, ಹಿಡಿತ ಗಟ್ಟಿ. ಸುಧಾಕರ “ನಾನು ಇಳಿಯುದಿಲ್ಲ” ಎಂದು ಮುಗಿಸುವಷ್ಟರಲ್ಲಿ ಹೋಟೆಲಿನ ಮುಂದೆ ಇಳಿದಾಗಿತ್ತು. ಶಿಶಿರ ಹೊಸ ಕೀಲಿಕೈಯನ್ನು ಅವನ ಕಣ್ಣ ಮುಂದೆ ಕುಣಿಸಿದ.

“ಆ ಖಾಲಿ ಕೋಣೆ ನಮಗೇ ಸಿಕ್ಕಿತು ಅಣ್ಣ! ನನ್ನ ಕುರ್ಚಿಗಳೆಲ್ಲ ಇನ್ನು ಇಲ್ಲೇ. ನಿಮಗೂ ಇನ್ನು ಚಿಂತೆ ಇಲ್ಲ. ನೀವು ಒಂದು ಕೂಗು ಹಾಕಿದ್ರೆ ಸಾಕು, ಎತ್ಲಿಕ್ಕೆ ನಾವು ಉಂಟಲ್ಲ!”

ಅವನ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಸುಧಾಕರ ಬಾಯಿಗೆ ಬಂದ ಬೈಗುಳ ನುಂಗಿ, ಗಾಲಿಗಳ ಬ್ರೇಕ್ ಸಡಿಲಿಸಿದ.

ಅಷ್ಟರಲ್ಲಿ ಮೇಲಿನಿಂದ ಬುಟ್ಟಿ ಇಳಿಯಿತು. ಬದ್ರುದ್ದೀನ್ ಗ್ಲಾಸಿಗೆ ಕೈ ಹಾಕಿದರೆ ಸಿಕ್ಕಿದ್ದು ಕಾಗದ.

“ಅಣ್ಣ, ನಿಮ್ಮ ಹೆಸರಿಗೆ. ಒಣಗಿದ್ದೇ ಉಂಟು.”

ಭಟ್ಟರು ಹಿಂಬರಹದ ಇನ್ನೊಂದು ಪ್ರತಿಗೆ ಒಂದು ಸಾಲು ಸೇರಿಸಿ ಸೀಲು ಒತ್ತಿದ್ದರು: “ಸದರಿ ಅರ್ಜಿದಾರರು ಕಚೇರಿಯಿಂದ ನಿರ್ಗಮಿಸುವಲ್ಲಿಯೂ ಯಾವುದೇ ಅಡಚಣೆ ಕಂಡುಬಂದಿರುವುದಿಲ್ಲ.”