ತುಳಸಿಗೊಬ್ಬ ಎಲ್‌ಇಡಿ ಸೂರ್ಯ

ನಮ್ಮ ಮನೆಯ ತುಳಸಿ ಬಾಡಲು ಕಾರಣ ಪಕ್ಕದ ಮನೆಯವರು ಎಬ್ಬಿಸಿದ ಎರಡನೇ ಮಹಡಿ. ಕೋಲಾರದ ನಮ್ಮ ಓಣಿ ಮೊದಲೇ ಕಿರಿದು. ಅಲ್ಲಿ ಬೀಳುತ್ತಿದ್ದ ಅಂಗೈಯಗಲದ ಬಿಸಿಲನ್ನೂ ಆ ಮಹಡಿ ನುಂಗಿ ನೀರು ಕುಡಿಯಿತು.

"ಕುಂಡಾನ ಅವರ ತಾರಸಿ ಮೇಲೆ ಇಟ್ಕೋತೀವಿ ಅಂತ ಒಂದು ಮಾತು ಕೇಳ್ರೀ," ಎಂದಳು ನನ್ನ ಹೆಂಡತಿ ಸುಮಿತ್ರಾ.

ಕೇಳುವುದೇ! ಹೈಸ್ಕೂಲಿನ ವಿಜ್ಞಾನ ಮೇಷ್ಟ್ರ ಮನೆಯ ತುಳಸಿ ಪಕ್ಕದ ಮನೆಯ ಬಿಸಿಲಿಗೆ ಕೈಯೊಡ್ಡುವುದೇ! ಗಿಡಕ್ಕೆ ಬೇಕಾದದ್ದು ಸೂರ್ಯನಲ್ಲ, ಬೆಳಕು. ಅದರಲ್ಲೂ ಮುಖ್ಯವಾಗಿ ಕೆಂಪು ಮತ್ತು ನೀಲಿ. ಇದನ್ನು ನಾನೊಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೆ. ಓದಿದ್ದನ್ನು ಓದಿ ಸುಮ್ಮನಿರುವ ಒಳ್ಳೆಯ ಅಭ್ಯಾಸ ನನಗಿಲ್ಲ. ಬೆಂಗಳೂರಿಗೆ ಹೋಗಿ ರಾಶಿ ಕೆಂಪು, ನಾಲ್ಕಾರು ನೀಲಿ ಎಲ್‌ಇಡಿ ತಂದೆ. ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿದೆ. ನಡುಮನೆಯ ಮೂಲೆಯಲ್ಲಿ ತುಳಸಿಯ ನೆತ್ತಿಯ ಮೇಲೆ ನೇತುಹಾಕಿದೆ.

ಸ್ವಿಚ್ ಒತ್ತಿದ ಕೂಡಲೇ ಮೂಲೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗಿತು.

"ಏನ್ರೀ ಇದು, ಬ್ರಾಂದಿ ಅಂಗಡಿ ಥರಾ!"

"ಇದು ದ್ಯುತಿಸಂಶ್ಲೇಷಣೆ ಕಣೇ," ಎಂದೆ ಗಂಭೀರವಾಗಿ. ಆ ಪದಕ್ಕೆ ಎದುರಾಡುವ ಧೈರ್ಯ ಯಾರಿಗಿದೆ?

ತುಳಸಿ ಚಿಗುರಿತು. ಅದರ ಜೊತೆ ನಾನೂ ಚಿಗುರಿದೆ. ಸಂಜೆಯಾದರೆ ಕರೆಂಟು ಹೋಗುವುದು ನಮ್ಮೂರಿನಲ್ಲಿ ಆಗ ಸಾಮಾನ್ಯ. ಮನೆಯಲ್ಲೊಂದು ಮುದಿ ಯುಪಿಎಸ್ ಇತ್ತು. ಅದಕ್ಕೆ ಒಂದೇ ಲೈನು ಹೊರುವ ತ್ರಾಣ. ಆ ಲೈನನ್ನು ನಡುಮನೆಯ ಟ್ಯೂಬ್‌ಲೈಟಿನಿಂದ ಕಿತ್ತು ತುಳಸಿಗೆ ಕೊಟ್ಟೆ. "ಮನುಷ್ಯರು ಅರ್ಧ ಗಂಟೆ ಕತ್ತಲಲ್ಲಿ ಕೂತರೆ ಬಾಡಲ್ಲ" ಎಂಬುದು ನನ್ನ ವಾದ. ಸುಮಿತ್ರಾ ತುಳಸಿಗೆ ಕೈಮುಗಿದು, "ನೀನೇ ಇವರಿಗೆ ಬುದ್ಧಿ ಕೊಡಮ್ಮ," ಎಂದಳು. ದೇವರೂ ಕೆಲವು ಅರ್ಜಿಗಳನ್ನು ತಡವಾಗಿ ನೋಡುತ್ತಾನೆ.

ಸುಮಿತ್ರಾಳ ತಂಗಿ ವನಜಾ ನಮ್ಮ ಜೊತೆಗೇ ಇದ್ದಳು. ಮಾವ ತೀರಿಹೋಗಿದ್ದರಿಂದ ಅವಳ ಮದುವೆಯ ಹೊಣೆ ನನ್ನದು. ಬಂದ ಗಂಡುಗಳಿಗೆಲ್ಲ ಏನಾದರೊಂದು ಕೊಂಕು ತೆಗೆಯುತ್ತಿದ್ದ ಹುಡುಗಿ, ಶ್ರೀನಿವಾಸಪುರದ ಮಂಜುನಾಥನ ಫೋಟೊ ನೋಡಿ ಮಾತಾಡದೆ ಒಳಗೆ ಹೋದಳು. ನಮಗೆ ಅರ್ಥವಾಯಿತು. ಹೆಣ್ಣು ನೋಡಲು ಬರುವ ದಿನ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಭಾವಾ, ಈ ಸಂಬಂಧ ತಪ್ಪಬಾರ್ದು. ದಯವಿಟ್ಟು ಜಾಸ್ತಿ ಮಾತಾಡ್ಬೇಡಿ."

"ನಾನಾ? ಒಂದು ಮಾತೂ ಆಡಲ್ಲ!" ಎಂದು ಮಾತು ಕೊಟ್ಟೆ.

ಸಂಜೆ ಹುಡುಗ, ಅವನ ತಾಯಿ ಲಕ್ಷ್ಮೀದೇವಮ್ಮ, ತಂದೆ ರಾಮಪ್ಪ ಬಂದರು. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ ಆಡುವ ಜನ. ಆಕೆ ಉಟ್ಟಿದ್ದು ಗಿಳಿಹಸಿರು ರೇಷ್ಮೆ ಸೀರೆ. ವನಜಾಳದ್ದೂ ಹಸಿರೇ. ಎಂಥ ಶುಭಶಕುನ ಎಂದುಕೊಂಡೆ. ಬಜ್ಜಿಯ ತಟ್ಟೆ ಹಿಡಿದು ವನಜಾ ಅಡುಗೆಮನೆಯ ಹೊಸಿಲು ದಾಟಿದಳು.

ಅಷ್ಟರಲ್ಲೇ ಕರೆಂಟು ಹೋಯಿತು!

ಯುಪಿಎಸ್ ಒಮ್ಮೆ ಕೆಮ್ಮಿ ಎದ್ದಿತು. ಪಕ್ಕದ ಮಹಡಿಯ ದೆಸೆಯಿಂದ ಹಗಲಲ್ಲೂ ಕತ್ತಲೆಯಾಗಿರುವ ನಡುಮನೆಯಲ್ಲಿ ನನ್ನ ಸೂರ್ಯನೊಬ್ಬನೇ ಉದಯಿಸಿದ. ಆ ಬೆಳಕಿನಲ್ಲಿ ಕೊತ್ತಂಬರಿ ಚಟ್ನಿ ಡಾಂಬರಿನ ಹಾಗಿತ್ತು.

"ಇದೇಮಯ್ಯಾ ಮೇಷ್ಟ್ರೇ! ಶುಭಕಾರ್ಯಕ್ಕೆ ಹುಡುಗೀಗೆ ಕರಿ ಸೀರೆ ಉಡ್ಸಿದೀರಾ?" ಎಂದರು ಲಕ್ಷ್ಮೀದೇವಮ್ಮ.

"ಕರಿ ಅಲ್ಲಮ್ಮ, ಹಸಿರು."

"ನನ್ಗೇನು ಕಣ್ಣು ಕಾಣಲ್ವಾ?"

ಇಲ್ಲಿ ನಾನು ಬಾಯಿ ಮುಚ್ಚಬೇಕಿತ್ತು. ಆದರೆ ಇದು ಒಂಬತ್ತನೇ ತರಗತಿಗೆ ನಾನು ವರ್ಷಾವರ್ಷ ಅಡಿಗೆರೆ ಎಳೆಸುವ ವಾಕ್ಯ! "ಕೆಂಪು, ನೀಲಿ ಬೆಳಕಿನಲ್ಲಿ ಹಸಿರು ವಸ್ತು ಕಪ್ಪಾಗಿ ಕಾಣುತ್ತದೆ," ಎಂದು ಎದ್ದುನಿಂತು ಸಾರಿದೆ. ಸಾರಿದ ಮೇಲೆ ಪ್ರಯೋಗ ಬೇಡವೇ? "ಬೇಕಿದ್ರೆ ನಿಮ್ಮ ಸೀರೇನೇ ನೋಡ್ಕೊಳ್ಳಿ! ಅದೂ ಕರೀದೇ!"

ಆಕೆ ನೋಡಿಕೊಂಡರು. ಸೆರಗನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿಕೊಂಡರು. ರಾಮಪ್ಪನವರು ಹೆಂಡತಿಯತ್ತ ಬಗ್ಗಿದರು.

"ಏನೇ, ಹಣೇಲಿ ಕುಂಕುಮಾನೂ ಇಲ್ಲ!"

"ಕರೆಕ್ಟ್ ಸಾರ್! ಕೆಂಪು ಬೆಳಕಲ್ಲಿ ಕೆಂಪು ಕುಂಕುಮ ಎದ್ದು ಕಾಣಲ್ಲ!" ಎಂದೆ ಪರಮಾನಂದದಿಂದ.

"ಕರಿ ಸೀರೆ, ಬೋಳು ಹಣೆ... ಲೇ, ನಾನಿನ್ನೂ ಬದುಕಿದೀನಲ್ಲೇ!" ಎಂದು ಕೂಗಿಕೊಂಡರು ರಾಮಪ್ಪ.

"ಲೇ ರಾ ಮಂಜು, ಪೋದಾಂ ಪದ! ನಡಿ ಹೋಗೋಣ!" ಎನ್ನುತ್ತಾ ಲಕ್ಷ್ಮೀದೇವಮ್ಮ ಎದ್ದೇಬಿಟ್ಟರು. ಸುಮಿತ್ರಾ ಒಳಗೆ ಮೇಣದಬತ್ತಿಗಾಗಿ ಡಬ್ಬಗಳನ್ನು ಉರುಳಿಸುತ್ತಿದ್ದಳು. ವನಜಾ ತಟ್ಟೆ ಹಿಡಿದೇ ನಿಂತಿದ್ದಳು. ಅವಳ ಕಣ್ಣು ತುಂಬಿದ್ದು ಆ ಹಾಳು ಬೆಳಕಿನಲ್ಲೂ ಕಂಡಿತು. ತಂದೆಯಿಲ್ಲದ ಹುಡುಗಿ ಕೇಳಿದ್ದು ಒಂದೇ ಉಪಕಾರ, ಅದೂ ನನ್ನ ಕೈಲಾಗಲಿಲ್ಲ.

ವನಜಾ ತಟ್ಟೆಯನ್ನು ನನ್ನ ಕೈಗೆ ತುರುಕಿದಳು. ಲಕ್ಷ್ಮೀದೇವಮ್ಮನವರ ಕೈ ಹಿಡಿದಳು. "ಅಮ್ಮಾ, ಹೋಗೋದಾದ್ರೆ ಹೋಗಿ. ಒಂದು ಸಲ ಬಾಗಿಲಲ್ಲಿ ನಿಂತು ನೋಡ್ಬಿಟ್ಟು ಹೋಗಿ," ಎಂದು ಓಣಿಗೆ ಕರೆದೊಯ್ದಳು.

ಹೊರಗೆ ಇನ್ನೂ ಸಂಜೆಯ ಬೆಳಕಿತ್ತು. ಎರಡು ಹಸಿರು ಸೀರೆಗಳು, ಎರಡು ಕೆಂಪು ಕುಂಕುಮಗಳು. ರಾಮಪ್ಪನವರು ಎದೆ ಮುಟ್ಟಿಕೊಂಡು ನಿಟ್ಟುಸಿರುಬಿಟ್ಟರು.

ಅಲ್ಲಿಯವರೆಗೆ ತುಟಿ ಬಿಚ್ಚದ ಮಂಜುನಾಥ ವನಜಾಳನ್ನು ಕೇಳಿದ: "ನೀವೇನು ಓದಿರೋದು?"

"ಬಿ.ಎಸ್ಸಿ."

"ಸೈನ್ಸಾ!"

"ಹೆದರ್ಕೋಬೇಡಿ. ಭಾವನ ಥರಾ ಅಲ್ಲ."

ಮೊದಲು ನಕ್ಕವರು ಲಕ್ಷ್ಮೀದೇವಮ್ಮ. ಆಮೇಲೆ ಓಣಿಯೇ ನಕ್ಕಿತು. ಸಂಬಂಧ ಅಲ್ಲೇ, ಮೆಟ್ಟಿಲ ಮೇಲೆ, ಬಜ್ಜಿ ತಿನ್ನುತ್ತಾ ಕುದುರಿತು. ವರೋಪಚಾರದ ಮಾತೆತ್ತಿದಾಗ ಆಕೆ ಕೈ ಅಡ್ಡ ಮಾಡಿದರು. "ಅದೇನೂ ಬೇಡ ಮೇಷ್ಟ್ರೇ. ಮುಹೂರ್ತ ಮಾತ್ರ ಹಗಲಲ್ಲೇ ಇರ್ಲಿ. ಬಯಲಲ್ಲಿ!"

ಹಾಗೆಯೇ ಅವರ ಮಾವಿನ ತೋಪಿನ ಮುಂದಿನ ಬಯಲಿನಲ್ಲಿ, ಉರಿಬಿಸಿಲಿನಲ್ಲಿ ಮದುವೆಯಾಯಿತು. ಧಾರೆಯ ಹೊತ್ತಿಗೆ ಹೆಣ್ಣಿನ ಕಡೆಯ ಹಿರಿಯನಾಗಿ, ಪೇಟ ಸರಿಮಾಡಿಕೊಂಡು, ವಧೂವರರ ಪಕ್ಕದಲ್ಲಿ ನಿಂತೆ. ಫೋಟೊದವನು ಕ್ಯಾಮೆರಾ ಕೆಳಗಿಳಿಸಿ ಕೂಗಿದ: "ಪೇಟದ ಯಜಮಾನ್ರೇ, ಸ್ವಲ್ಪ ಆ ಕಡೆ ಹೋಗಿ. ನಿಮ್ಮ ನೆರಳು ಬಿದ್ದು ಹುಡುಗಿ ಮುಖ ಕಪ್ಪಾಗಿ ಕಾಣ್ತದೆ!"

ಹೋದೆ. ಫೋಟೊಗಳು ಬಹಳ ಚೆನ್ನಾಗಿ ಬಂದಿವೆ. ಒಂದರಲ್ಲೂ ನಾನಿಲ್ಲ.